ಎಂಟ್ರಿ ಗ್ರೇಡ್ ಗಂಡಮ್ ಕಿಟ್ ರಿವ್ಯೂ: ದೈತ್ಯ ರೋಬೋ ಯಾಕೆ ನಡೆಯಲ್ಲ ಅಂತ ಕೈಗೇ ಗೊತ್ತಾಯ್ತು

ಮೊದ್ಲೇ ಹೇಳ್ಬಿಡ್ತೀನಿ, ಒಳಗೆ ಮನುಷ್ಯ ಕೂತು ಓಡ್ಸೋ ದೈತ್ಯ ರೋಬೋಗಳು ಅಂದ್ರೆ ನಿಮಗೆ ಚೂರಾದ್ರೂ ಇಷ್ಟ ಇದ್ರೆ ಈ ಕಿಟ್ ತಗೊಳ್ಳಿ, ಯೋಚ್ನೆ ಮಾಡ್ಬೇಡಿ. ಬಂಡೈ ಕಂಪ್ನಿದು, ಎಂಟ್ರಿ ಗ್ರೇಡ್ 1/144 ಆರ್‌ಎಕ್ಸ್-78-2 ಗಂಡಮ್. ಗಂಡಮ್ ಅಂದ್ರೆ 1979ರ ಜಪಾನೀ ಆನಿಮೇಷನ್ ಸರಣಿಯ ದೈತ್ಯ ರೋಬೋ, ಇದು ಅದರ 144ನೇ ಒಂದು ಭಾಗದಷ್ಟು ಅಳತೆಯ, ನಾವೇ ಜೋಡ್ಸೋ ಪ್ಲಾಸ್ಟಿಕ್ ಮಾಡೆಲ್, ಎಂಟ್ರಿ ಗ್ರೇಡ್ ಅಂದ್ರೆ ಹೊಸಬರಿಗೆ ಅಂತ ಮಾಡಿದ ಸುಲಭದ ಶ್ರೇಣಿ. 2020ರಲ್ಲಿ ಬಂದಿದ್ದು, ಆಗ ಜಪಾನಲ್ಲಿ ತೆರಿಗೆ ಬಿಟ್ಟು 700 ಯೆನ್ ಇತ್ತು. ಗಮ್ ಬೇಡ, ಪೇಂಟ್ ಬೇಡ, ಸ್ಟಿಕ್ಕರ್ ಅಂಟ್ಸೋ ಕೆಲ್ಸ ಇಲ್ಲ, ಕತ್ತರಿ ಕೂಡ ಬೇಡ, ಬರೀ ಎರಡು ಕೈ ಇದ್ರೆ ಸಾಕು. ನಾನು ಇದನ್ನ ಎರಡು ಸಲ ತಗೊಂಡೆ, ಯಾಕೆ ಅಂತ ಮುಂದೆ ಹೇಳ್ತೀನಿ.

ಪ್ಲಾಸ್ಟಿಕ್ ಮಾಡೆಲ್ ಯಾವತ್ತೂ ಮಾಡಿಲ್ದೇ ಇರೋರಿಗೆ ಒಂದು ಮಾತು. ಡಬ್ಬಿ ತೆಗೆದ್ರೆ ಬಿಡಿ ಬಿಡಿ ಭಾಗಗಳು ಇರಲ್ಲ, ಚೌಕಟ್ಟಿನ ಥರ ಇರೋ ಪ್ಲಾಸ್ಟಿಕ್ ಕಡ್ಡಿಗಳಿಗೆ ಭಾಗಗಳು ಅಂಟ್ಕೊಂಡಿರ್ತವೆ, ಅದಕ್ಕೆ ರನ್ನರ್ ಅಂತಾರೆ, ಭಾಗ ಮತ್ತೆ ಕಡ್ಡಿ ಸೇರೋ ಆ ಸಣ್ಣ ಜಾಗಕ್ಕೆ ಗೇಟ್ ಅಂತಾರೆ. ಮಾಮೂಲಿ ಕಿಟ್ಟಲ್ಲಿ ನಿಪ್ಪರ್ ಅನ್ನೋ ಸಣ್ಣ ಕಟರ್ ತಗೊಂಡು ಗೇಟ್ ಕತ್ತರಿಸ್ಬೇಕು, ಆಮೇಲೆ ಉಳಿದ ಗುರುತನ್ನ ಬ್ಲೇಡಲ್ಲಿ ಕೆರೀಬೇಕು. ಇದರಲ್ಲಿ ಗೇಟ್ ಎಷ್ಟು ಸಣ್ಣದು ಅಂದ್ರೆ ಹೆಬ್ಬೆರಳಲ್ಲಿ ಒತ್ತಿದ್ರೆ ಟಕ್ ಅಂತ ಭಾಗ ಕೈಗೆ ಬರತ್ತೆ. ಇನ್ನೊಂದು ವಿಷ್ಯ, ಬಿಳಿ, ನೀಲಿ, ಕೆಂಪು, ಹಳದಿ ಎಲ್ಲಾ ಪ್ಲಾಸ್ಟಿಕ್ಕಲ್ಲೇ ಬಂದಿರತ್ತೆ, ಒಂದೇ ರನ್ನರಲ್ಲಿ ಬೇರೆ ಬೇರೆ ಬಣ್ಣ ಒಂದರ ಪಕ್ಕ ಒಂದು ಹರ್ಕೊಂಡು ನಿಂತಿದೆ, ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ಕಲೆತು ಹೋಗ್ದೇ ಹಾಗೆ ನಿಲ್ಸೋದು ಸಣ್ಣ ಕೆಲ್ಸ ಅಲ್ಲ. ರನ್ನರನ್ನ ಬೆಳಕಿಗೆ ಹಿಡಿದು ಬಣ್ಣ ಸೇರೋ ಗೆರೆ ನೋಡಿ ಒಂದ್ಸಲ. ನಾನು ಜೋಡ್ಸೋಕೆ ಶುರು ಮಾಡೋ ಮುಂಚೆ ಅದನ್ನೇ ತುಂಬಾ ಹೊತ್ತು ನೋಡ್ತಾ ಕೂತಿದ್ದೆ.

ಮೊದಲ ಕಿಟ್ಟಲ್ಲಿ ಒಂದು ತಪ್ಪು ಮಾಡ್ದೆ. ಕೈಯಲ್ಲೇ ಬರತ್ತೆ ಅಂತ ಗೊತ್ತಾದ್ಮೇಲೆ ಉತ್ಸಾಹ ಜಾಸ್ತಿ ಆಗಿ ಭುಜದ ಬಿಳಿ ಭಾಗನ ಒತ್ತೋ ಬದ್ಲು ತಿರುಚಿ ಎಳೆದೆ, ಗೇಟ್ ಇದ್ದ ಜಾಗದಲ್ಲಿ ಸಣ್ಣ ಹಳ್ಳ ಬಿದ್ದು ಅದರ ಸುತ್ತ ಪ್ಲಾಸ್ಟಿಕ್ ಬೆಳ್ಳಗೆ ಹೊಡ್ಕೊಂಡ್ಬಿಡ್ತು. ನೀಲಿ ಎದೆ ಭಾಗದಲ್ಲೂ ಅದೇ ಆಯ್ತು, ಅಲ್ಲಂತೂ ಎದ್ದು ಕಾಣತ್ತೆ. ತುಂಬಾ ಬೇಜಾರಾಯ್ತು. ಅದಕ್ಕೇ ಎರಡನೇ ಕಿಟ್ ತಗೊಂಡು ಈ ಸಲ ನಿಪ್ಪರಲ್ಲೇ ಕತ್ತರಿಸ್ದೆ, ಕಡ್ಡಿನ ಸ್ವಲ್ಪ ದೂರದಲ್ಲಿ ಒಂದ್ಸಲ, ಆಮೇಲೆ ಭಾಗದ ಅಂಚಿಗೆ ಇನ್ನೊಂದ್ಸಲ, ಗುರುತೇ ಉಳೀಲಿಲ್ಲ. ಟೂಲ್ ಬೇಡ ಅನ್ನೋದು ನಿಜಾನೇ, ಆದ್ರೆ ಮನೇಲಿ ಸಣ್ಣ ನಿಪ್ಪರ್ ಇದ್ರೆ ಉಪಯೋಗಿಸಿ, ಇಲ್ಲಾಂದ್ರೆ ಭಾಗನ ತಿರುಚ್ಬೇಡಿ, ನೇರವಾಗಿ ಒತ್ತಿ.

ಜೋಡ್ಸೋದಕ್ಕೆ ನಂಗೆ ಒಂದು ಗಂಟೆ ಹತ್ತಿರ ಹಿಡೀತು. ಭಾಗ ಒಂದಕ್ಕೊಂದು ಕೂರೋವಾಗ ಬೆರಳಿಗೆ ಗೊತ್ತಾಗತ್ತೆ, ಮೊದ್ಲು ಸಲೀಸಾಗಿ ಹೋಗತ್ತೆ, ಕೊನೇ ಒಂದು ಮಿಲಿಮೀಟರ್ ಬಿಗಿ ಆಗತ್ತೆ, ಆಮೇಲೆ ಕ್ಲಿಕ್. ಮುಖದ ಭಾಗ ನನಗೆ ತುಂಬಾ ಇಷ್ಟ ಆಯ್ತು, ಹಳದಿ ಕಣ್ಣು, ಕೆಂಪು ಗದ್ದ, ಬಿಳಿ ಮುಖ ಇವೆಲ್ಲಾ ಒಂದರ ಹಿಂದೆ ಒಂದು ಪದರದ ಥರ ಕೂತು ಮುಂದಿನಿಂದ ನೋಡಿದ್ರೆ ಪೇಂಟ್ ಮಾಡಿದ ಹಾಗೇ ಕಾಣತ್ತೆ, ಒಂದು ಉಗುರಿನಷ್ಟು ಜಾಗದಲ್ಲಿ ಇಷ್ಟು ಕೆಲ್ಸ.

ಈಗ ನಾನು ನಿಜವಾಗ್ಲೂ ಹೇಳ್ಬೇಕು ಅಂದ್ಕೊಂಡಿದ್ದು. ದೈತ್ಯ ರೋಬೋ ಬಗ್ಗೆ ನಾನು ಓದಿರೋದು, ನೋಡಿರೋದು ಬೇಕಾದಷ್ಟಿದೆ, ಆದ್ರೆ ಅದನ್ನ ಮಾಡೋದು ಯಾಕೆ ಇಷ್ಟು ಕಷ್ಟ ಅನ್ನೋದು ಸರಿಯಾಗಿ ಅರ್ಥ ಆಗಿದ್ದು ಈ ಅಂಗೈಯಷ್ಟು ಬೊಂಬೆ ಕೈಗೆ ಬಂದ್ಮೇಲೆ. ಕಥೆಯಲ್ಲಿ ಗಂಡಮ್ ಎತ್ತರ 18 ಮೀಟರ್, 144ರಿಂದ ಭಾಗಿಸಿದ್ರೆ 12.5 ಸೆಂಟಿಮೀಟರ್, ಕಿಟ್ ಅಷ್ಟೇ ಇದೆ. ತೂಕ ಕಥೆಯಲ್ಲಿ ಖಾಲಿ ಇದ್ದಾಗ 43.4 ಟನ್, ಎಲ್ಲಾ ತುಂಬಿದ್ರೆ 60 ಟನ್ ಅಂತ ಕೊಟ್ಟಿದ್ದಾರೆ. ತೂಕನ 144ರಿಂದ ಭಾಗಿಸಿದ್ರೆ ಸಾಕಾ? ಸಾಲಲ್ಲ. ಉದ್ದ, ಅಗಲ, ದಪ್ಪ ಮೂರೂ ಕಡಿಮೆ ಆಗತ್ತಲ್ಲ, ಹಾಗಾಗಿ 144ನ ಮೂರು ಸಲ ಗುಣಿಸಿ ಬಂದಿದ್ರಿಂದ ಭಾಗಿಸ್ಬೇಕು, ಅದು 29 ಲಕ್ಷ 85 ಸಾವಿರದ ಮೇಲೆ ಬರತ್ತೆ. ಆಗ 43.4 ಟನ್ ಅನ್ನೋದು ಸುಮಾರು 14.5 ಗ್ರಾಂ ಆಯ್ತು, 60 ಟನ್ ಅನ್ನೋದು 20 ಗ್ರಾಂ. ನಾನು ಕಿಟ್‌ನ ಅಡುಗೆಮನೆ ಡಿಜಿಟಲ್ ತಕ್ಕಡಿ ಮೇಲೆ ಇಟ್ಟೆ, 20 ಗ್ರಾಂ ದಾಟಿ ಮುಂದೆ ಹೋಯ್ತು. ಅಂದ್ರೆ ಬರೀ ಟೊಳ್ಳು ಪ್ಲಾಸ್ಟಿಕ್ಕಲ್ಲಿ ಮಾಡಿರೋ ಬೊಂಬೆನೇ, ಕಥೆಯ ಲೋಹದ ಯುದ್ಧಯಂತ್ರಕ್ಕಿಂತ ಅದರ ಗಾತ್ರದ ಲೆಕ್ಕದಲ್ಲಿ ಭಾರ!

ಇನ್ನೊಂದು ಥರ ನೋಡಿ. 1.75 ಮೀಟರ್ ಎತ್ತರ, 70 ಕೆಜಿ ಇರೋ ಒಬ್ಬ ಮನುಷ್ಯನ್ನ ಅದೇ ಆಕಾರದಲ್ಲಿ 18 ಮೀಟರಿಗೆ ಬೆಳೆಸಿದ್ರೆ ತೂಕ 76 ಟನ್ ಆಗತ್ತೆ. ಬರೀ ಮಾಂಸ ಮೂಳೆನೇ 76 ಟನ್, ಕಥೆಯ ಗಂಡಮಲ್ಲಿ ಎಂಜಿನ್ನು, ಕವಚ, ಬಂದೂಕು ಎಲ್ಲಾ ಸೇರಿ 60 ಟನ್. ಎತ್ತರ ಹತ್ತು ಪಟ್ಟು ಆದ್ರೆ ಕಾಲಿನ ಮೂಳೆನ ಅಡ್ಡ ಕತ್ತರಿಸಿದ್ರೆ ಕಾಣೋ ವಿಸ್ತೀರ್ಣ ನೂರು ಪಟ್ಟು ಆಗತ್ತೆ, ತೂಕ ಮಾತ್ರ ಸಾವಿರ ಪಟ್ಟು, ಹಾಗಾಗಿ ಮೂಳೆಯ ಪ್ರತಿ ಚದರ ಸೆಂಟಿಮೀಟರ್ ಮೇಲೆ ಬೀಳೋ ಭಾರ ಹತ್ತು ಪಟ್ಟು. ಆನೆ ಕಾಲು ಯಾಕೆ ಕಂಬದ ಥರ, ಜಿಂಕೆ ಕಾಲು ಯಾಕೆ ಕಡ್ಡಿ ಥರ ಅನ್ನೋದಕ್ಕೂ ಇದೇ ಉತ್ತರ. ದೈತ್ಯ ರೋಬೋ ಕಟ್ಟೋರಿಗೆ ಈ ಲೆಕ್ಕ ತಪ್ಪಿಸ್ಕೊಳ್ಳೋಕೆ ದಾರಿನೇ ಇಲ್ಲ.

ಆದ್ರೂ ಎಂಜಿನಿಯರುಗಳ ಒಂದು ತಂಡ 18 ಮೀಟರ್‌ದು ಮಾಡಿ ಅಲ್ಲಾಡ್ಸಿ ತೋರ್ಸಿದೆ. ಜಪಾನಿನ ಯೊಕೊಹಾಮಾದ ಯಮಾಶಿತಾ ಬಂದರುಕಟ್ಟೆ ಮೇಲೆ 2020ರ ಡಿಸೆಂಬರಿಂದ 2024ರ ಮಾರ್ಚ್ ತನಕ ಅದು ಇತ್ತು. ತೂಕ ಸುಮಾರು 25 ಟನ್, ಅಂದ್ರೆ ಕಥೆಯ ಖಾಲಿ ತೂಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ, ನಮ್ಮ ಕಿಟ್ ಲೆಕ್ಕದಲ್ಲಿ 8.4 ಗ್ರಾಂ! ಒಳಗೆ ಉಕ್ಕಿನ ಅಸ್ಥಿಪಂಜರ, ಹೊರಗೆ ಹಗುರವಾದ ಫೈಬರ್ ಚಿಪ್ಪು. ಅದು ಮಂಡಿ ಬಗ್ಗಿಸ್ತಿತ್ತು, ಕೈ ಎತ್ತಿ ಆಕಾಶಕ್ಕೆ ಬೆರಳು ತೋರಿಸ್ತಿತ್ತು, ಹೆಜ್ಜೆ ಇಡೋ ಹಾಗೆ ಕಾಲು ಆಡಿಸ್ತಿತ್ತು, ಆದ್ರೆ ಸೊಂಟದ ಹಿಂದೆ ಕ್ಯಾರಿಯರ್ ಅನ್ನೋ ಒಂದು ದೊಡ್ಡ ಆಸರೆ ಅದನ್ನ ಹಿಡ್ಕೊಂಡಿತ್ತು. ತನ್ನ ಭಾರನ ತನ್ನ ಕಾಲ ಮೇಲೇ ಹೊತ್ತು ನಡೀಲಿಲ್ಲ. ಇದನ್ನ ಕೊರತೆ ಅಂತ ಹೇಳ್ತಿಲ್ಲ ನಾನು, ಆ ಎಂಜಿನಿಯರ್‌ಗಳು ಏನು ಸಾಧ್ಯ ಏನು ಅಲ್ಲ ಅಂತ ಸರಿಯಾಗಿ ತಿಳ್ಕೊಂಡು, ಸಾಧ್ಯ ಇರೋದನ್ನ ಅಷ್ಟು ಚೆನ್ನಾಗಿ ಮಾಡಿದ್ರು. ಅದರ ವಿಡಿಯೋ ನೋಡಿದಾಗೆಲ್ಲಾ ನಂಗೆ ಮೈ ಜುಂ ಅನ್ನತ್ತೆ, ಅದರಲ್ಲೂ ಮಂಡಿ ಮೆಲ್ಲಗೆ ಬಗ್ಗೋವಾಗ.

ಕಿಟ್ ಕೈಯಲ್ಲಿದ್ರೆ ಸೊಂಟದ ಕಷ್ಟನೂ ಗೊತ್ತಾಗತ್ತೆ. ತೊಡೆ ಮುಂದಕ್ಕೆ ಎತ್ತಿ ನೋಡಿ. ಮುಂದೆ ಇರೋ ಲಂಗದ ಥರದ ಕವಚಕ್ಕೆ ತೊಡೆ ತಾಗತ್ತೆ, ಆ ಕವಚ ಮೇಲೆ ಹೋದ್ರೇನೇ ಕಾಲು ಮೇಲೆ ಹೋಗೋದು. 1979ರಲ್ಲಿ ಕುನಿಯೊ ಒಕಾವಾರಾ ಇದರ ಚಿತ್ರ ಬರೆದಾಗ ಅದು ಆನಿಮೇಷನ್‌ಗೆ ಬರೆದಿದ್ದು, ಕಾಗದದ ಮೇಲೆ ಕವಚನ ಬೇಕಾದ ಹಾಗೆ ಬಗ್ಗಿಸ್ಬಹುದು. ಪ್ಲಾಸ್ಟಿಕ್ಕಲ್ಲಿ ಮಾಡೋರಿಗೆ ಆ ಸೌಲಭ್ಯ ಇಲ್ಲ, ಎಲ್ಲಿ ಕೀಲು, ಎಲ್ಲಿ ಸಂದು ಅಂತ ಮಿಲಿಮೀಟರ್ ಲೆಕ್ಕದಲ್ಲಿ ಯೋಚಿಸ್ಬೇಕು. ಮಂಡಿ ಇದರಲ್ಲಿ ತುಂಬಾ ಚೆನ್ನಾಗಿ ಬಗ್ಗತ್ತೆ, ಈ ಬೆಲೆಗೆ ಇಷ್ಟು ಬಗ್ಗತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ. ಒಂದ್ಸಲ ಮಂಡಿ ಬಗ್ಗಿಸಿ ತೊಡೆ ಹಿಂದೆ ಏನಾಗತ್ತೆ, ಮೀನಖಂಡದ ಕವಚ ಎಲ್ಲಿಗೆ ಬರತ್ತೆ ಅಂತ ನಿಧಾನವಾಗಿ ನೋಡಿ, ಒಂದು ಚಲನೆಗೆ ಎಷ್ಟು ಜಾಗ ಬಿಡ್ಬೇಕು ಅನ್ನೋದು ಅಲ್ಲೇ ಕಾಣತ್ತೆ.

ಆಮೇಲೆ ನಾನು ಇನ್ನೊಂದು ಮಾಡ್ದೆ. ರಟ್ಟಿನ ದಪ್ಪ ನೋಟ್‌ಬುಕ್ ಮೇಲೆ ಇದನ್ನ ನಿಲ್ಲಿಸಿ ಒಂದು ಕಡೆಯಿಂದ ಮೆಲ್ಲಗೆ ಎತ್ತಿದೆ. ಕಾಲು ಜೋಡಿಸಿ ನೆಟ್ಟಗೆ ನಿಂತಾಗ ಬೇಗ ಬಿದ್ದೋಯ್ತು. ಕಾಲು ಅಗಲ ಮಾಡಿ, ಮಂಡಿ ಸ್ವಲ್ಪ ಬಗ್ಗಿಸಿ, ಪಾದನ ಇಳಿಜಾರಿಗೆ ತಕ್ಕ ಹಾಗೆ ತಿರುಗಿಸಿದ್ರೆ ಎಷ್ಟೋ ಹೊತ್ತು ನಿಂತಿತ್ತು. ಬಲಗೈಗೆ ಬಂದೂಕು ಕೊಟ್ಟು ಕೈ ಮುಂದಕ್ಕೆ ಚಾಚಿಸಿದ ತಕ್ಷಣ ಮುಂದಕ್ಕೆ ವಾಲೋಕೆ ಶುರು ಆಯ್ತು, ಎಡಗೈ ಗುರಾಣಿನ ಹಿಂದಕ್ಕೆ ತಳ್ಳಿ ಸರಿ ಮಾಡ್ದೆ. ಯೋಚ್ನೆ ಮಾಡಿ, ಇದು ಬರೀ ನಿಂತಿರೋ ಬೊಂಬೆ. ನಡೆಯೋದು ಅಂದ್ರೆ ಪ್ರತಿ ಹೆಜ್ಜೆಗೂ ಒಂದು ಕಾಲು ಎತ್ತಿ, ಬೀಳೋಕೆ ಹೊರಟು, ಬೀಳೋ ಮುಂಚೆ ಇನ್ನೊಂದು ಕಾಲಲ್ಲಿ ಹಿಡ್ಕೊಳ್ಳೋದು. ನಾವು ಎಡವಿದ್ರೆ ಮಂಡಿ ತರಚತ್ತೆ. ಹದಿಮೂರೂವರೆ ಮೀಟರ್ ಎತ್ತರದ ಎದೆಯೊಳಗೆ ಕೂತ ಪೈಲಟ್ ಅಷ್ಟು ಎತ್ತರದಿಂದ ಬಿದ್ರೆ ನೆಲ ಮುಟ್ಟೋವಾಗ ವೇಗ ಗಂಟೆಗೆ 58 ಕಿಲೋಮೀಟರ್ ದಾಟಿರತ್ತೆ, ಅದೂ ಬ್ರೇಕ್ ಇಲ್ದೇ. ಬೀಳ್ದೇ ನಡೆದ್ರೂ ಸುಖ ಇಲ್ಲ. ನಾವು ನಡೆಯೋವಾಗ ನಮ್ಮ ಮೈ ನಾಲ್ಕೈದು ಸೆಂಟಿಮೀಟರ್ ಮೇಲೆ ಕೆಳಗೆ ಆಗತ್ತೆ, ಹತ್ತು ಪಟ್ಟು ದೊಡ್ಡ ಮೈಯಲ್ಲಿ ಅದು ಅರ್ಧ ಮೀಟರ್ ಹತ್ತಿರ, ಹೆಜ್ಜೆ ನಮ್ಮದಕ್ಕಿಂತ ಮೂರು ಪಟ್ಟು ನಿಧಾನ. ಕುರ್ಚಿ ಸಮೇತ ಅರ್ಧ ಮೀಟರ್ ಮೇಲೆ, ಅರ್ಧ ಮೀಟರ್ ಕೆಳಗೆ, ದಿನವಿಡೀ. ಒಳ್ಳೇ ಕಥೆಗಾರರು ಪೈಲಟ್‌ಗೆ ಬೆಲ್ಟು, ಅಲುಗಾಟ ತಡೆಯೋ ಸೀಟು ಅಂತೆಲ್ಲಾ ಕೊಡೋದು ಸುಮ್ನೆ ಅಲ್ಲ.

ಹಾಗಾಗಿ ನಿಜವಾದ ಯಂತ್ರಗಳಲ್ಲಿ ಏನಾಗಿದೆ ನೋಡಿ. ಜಪಾನಿನ ಸುಯಿದೊಬಾಶಿ ಹೆವಿ ಇಂಡಸ್ಟ್ರಿ 2012ರಲ್ಲಿ ತೋರಿಸಿದ ಕುರಾಟಾಸ್ ನಾಲ್ಕು ಮೀಟರ್ ಹತ್ತಿರ ಎತ್ತರ, ನಾಲ್ಕೂವರೆ ಟನ್, ಒಳಗೆ ಒಬ್ಬ ಕೂತು ಓಡಿಸ್ಬಹುದು, ಆದ್ರೆ ಓಡೋದು ಚಕ್ರದ ಮೇಲೆ. ಅಮೆರಿಕದ ಮೆಗಾಬಾಟ್ಸ್ ಅವರ ಈಗಲ್ ಪ್ರೈಮ್ 12 ಟನ್, ಅದು ಟ್ಯಾಂಕ್ ಥರ ಪಟ್ಟಿ ಮೇಲೆ ಓಡ್ತಿತ್ತು, 2017ರಲ್ಲಿ ಇವೆರಡೂ ಎದುರುಬದುರು ನಿಂತು ಹೊಡೆದಾಡಿದ್ವು, ಈಗಲ್ ಪ್ರೈಮ್ ಗೆಲ್ತು. 2023ರಲ್ಲಿ ಜಪಾನಿನ ತ್ಸುಬಾಮೆ ಇಂಡಸ್ಟ್ರೀಸ್ ತೋರಿಸಿದ ಆರ್ಕಾಕ್ಸ್ 4.5 ಮೀಟರ್, 3.5 ಟನ್, ಕಾಕ್‌ಪಿಟ್ ಮುಚ್ಚಿದ್ಮೇಲೆ ಪೈಲಟ್ ಕ್ಯಾಮೆರಾ ಚಿತ್ರಗಳನ್ನ ಸ್ಕ್ರೀನಲ್ಲಿ ನೋಡಿ ಓಡಿಸ್ತಾನೆ, ಬೆಲೆ 40 ಕೋಟಿ ಯೆನ್, ಅದಕ್ಕೂ ಕಾಲಿನ ತುದಿಯಲ್ಲಿ ಚಕ್ರನೇ. ಕಾಲಲ್ಲೇ ನಡೆಸಿದ ಪ್ರಯತ್ನಗಳೂ ಇವೆ. 1960ರ ದಶಕದಲ್ಲಿ ಅಮೆರಿಕದ ಸೈನ್ಯಕ್ಕೋಸ್ಕರ ಜನರಲ್ ಎಲೆಕ್ಟ್ರಿಕ್‌ನ ರಾಲ್ಫ್ ಮೋಷರ್ ನಾಲ್ಕು ಕಾಲಿನ ನಡೆಯೋ ಟ್ರಕ್ ಮಾಡಿದ್ರು. ಒಳಗಿರೋ ಒಬ್ಬನೇ ಮನುಷ್ಯ ತನ್ನ ಎರಡು ಕೈಯಲ್ಲಿ ಮುಂಗಾಲು, ಎರಡು ಕಾಲಲ್ಲಿ ಹಿಂಗಾಲು ಆಡಿಸ್ಬೇಕು, ಯಂತ್ರದ ಕಾಲಿಗೆ ಏನಾದ್ರೂ ತಾಗಿದ್ರೆ ಆ ಒತ್ತಡ ಹೈಡ್ರಾಲಿಕ್ ಮೂಲಕ ಇವನ ಕೈಕಾಲಿಗೇ ಗೊತ್ತಾಗತ್ತೆ. ಅದ್ಭುತ ಯೋಚ್ನೆ. ಆದ್ರೆ ನಾಲ್ಕು ಕಾಲನ್ನೂ ಮನಸ್ಸಿಟ್ಟು ಆಡಿಸ್ತಾ ಸ್ವಲ್ಪ ಹೊತ್ತಿಗೇ ಓಡಿಸೋನು ಸುಸ್ತಾಗ್ತಿದ್ದ. ಮೋಟಾರಿಗೆ ಶಕ್ತಿ ಬೇಕಾದಷ್ಟಿತ್ತು, ದಣಿದಿದ್ದು ಮನುಷ್ಯ!

ಈಗ ನಿಜವಾಗ್ಲೂ ಕೆಲ್ಸಕ್ಕೆ ಇಳಿದಿರೋ ಒಂದು ಅಂದ್ರೆ ಜಪಾನಿನ ಜೆಆರ್ ವೆಸ್ಟ್ ರೈಲ್ವೆದು. 2024ರಲ್ಲಿ ಶುರು ಮಾಡಿದ್ರು. ಹಳಿ ಮೇಲೆ ಓಡೋ ಗಾಡಿ, ಅದರ ಕ್ರೇನ್ ತುದಿಯಲ್ಲಿ ತಲೆ, ಎರಡು ಕೈ ಇರೋ ರೋಬೋದ ಮೇಲಿನ ಅರ್ಧ ಮೈ ಮಾತ್ರ ಇದೆ, ಕಾಲಿಲ್ಲ. ಆಪರೇಟರ್ ಕೆಳಗೆ ಕ್ಯಾಬಿನ್ನಲ್ಲಿ ವಿಆರ್ ಕನ್ನಡಕ ಹಾಕ್ಕೊಂಡು ಕೂತಿರ್ತಾನೆ, ಅವನು ತಲೆ ತಿರುಗಿಸಿದ್ರೆ ಮೇಲಿರೋ ರೋಬೋ ತಲೆ ತಿರುಗತ್ತೆ, 12 ಮೀಟರ್ ಎತ್ತರದಲ್ಲಿ ವಿದ್ಯುತ್ ತಂತಿ ಹತ್ರ 40 ಕೆಜಿ ತನಕ ಎತ್ತಿ ಕೆಲ್ಸ ಮಾಡತ್ತೆ. ಮೊದ್ಲು ಅಲ್ಲಿಗೆ ಮನುಷ್ಯರೇ ಹತ್ತಬೇಕಿತ್ತು, ಬೀಳೋ ಭಯ, ಶಾಕ್ ಹೊಡೆಯೋ ಭಯ. ಯುದ್ಧ ಇಲ್ಲ, ಕತ್ತಿ ಇಲ್ಲ, ಆದ್ರೆ ದೈತ್ಯ ರೋಬೋದ ಕನಸಿನಲ್ಲಿ ಮನುಷ್ಯನಿಗೆ ಉಪಯೋಗ ಆಗೋ ಭಾಗ ಯಾವುದೋ ಅದನ್ನೇ ಎತ್ಕೊಂಡಿದ್ದಾರೆ, ನಂಗೆ ಇದು ಎಲ್ಲಾ ಯಂತ್ರಗಳಿಗಿಂತ ಹೆಚ್ಚು ಇಷ್ಟ.

ಹಾಗಂತ ಕಥೆ ಬರೆದೋರು ಏನೂ ಯೋಚಿಸಿಲ್ಲ ಅಂತ ಅಂದ್ಕೊಳ್ಬೇಡಿ. 1972ರ ಜಪಾನೀ ಕಥೆ ಮಜಿಂಗರ್ ಝಡ್‌ನಲ್ಲಿ ಹುಡುಗ ರೋಬೋ ತಲೆಯೊಳಗೇ ಕೂತು ಓಡಿಸ್ದ, ಅಲ್ಲಿಂದ ಈ ಪ್ರಕಾರಕ್ಕೆ ಜೀವ ಬಂತು. 1979ರಲ್ಲಿ ಯೊಶಿಯುಕಿ ತೊಮಿನೊ ನಿರ್ದೇಶನದ ಗಂಡಮ್ ಸರಣಿ ರೋಬೋನ ಸೈನ್ಯದ ಒಂದು ಸಲಕರಣೆ ಥರ ತೋರಿಸ್ತು, ರಿಪೇರಿ ಬೇಕು, ಮದ್ದುಗುಂಡು ಖಾಲಿ ಆಗತ್ತೆ. ಬಾಹ್ಯಾಕಾಶದಲ್ಲಿ ಕೈಕಾಲು ಯಾಕೆ ಬೇಕು ಅನ್ನೋದಕ್ಕೂ ಅವರ ಹತ್ರ ಉತ್ತರ ಇದೆ, ಕೈಕಾಲು ಬೀಸಿದ್ರೆ ಮೈ ಎದುರು ದಿಕ್ಕಿಗೆ ತಿರುಗತ್ತೆ, ಇಂಧನ ಖರ್ಚಿಲ್ದೇ ದಿಕ್ಕು ಬದಲಾಯಿಸ್ಬಹುದು. ಇದು ಭೌತಶಾಸ್ತ್ರಕ್ಕೆ ಸರಿಯಾಗೇ ಇದೆ, ಮೇಲಿಂದ ಬಿದ್ದ ಬೆಕ್ಕು ಗಾಳಿಯಲ್ಲೇ ಮೈ ತಿರುಗಿಸಿ ಕಾಲ ಮೇಲೆ ಬರೋದೂ ಇದೇ ನಿಯಮದಲ್ಲಿ. ತೂಕ ಇಲ್ದೇ ಇರೋ ಜಾಗದಲ್ಲಿ ಸ್ವಂತ ಭಾರಕ್ಕೇ ಮೂಳೆ ಮುರಿಯೋ ಚಿಂತೆನೂ ಇಲ್ಲ. ಆ ಸರಣಿ ಮೊದ್ಲು ಬಂದಾಗ ಸರಿಯಾಗಿ ಓಡ್ಲಿಲ್ಲ, 52 ಕಂತು ಅಂದ್ಕೊಂಡಿದ್ದನ್ನ 43ಕ್ಕೆ ನಿಲ್ಲಿಸಿದ್ರು, 1980ರ ಜನವರಿಯಲ್ಲಿ ಮುಗೀತು. ಅದೇ ವರ್ಷ ಜುಲೈಯಲ್ಲಿ ಮೊದಲ 1/144 ಕಿಟ್ ಬಂತು, 300 ಯೆನ್, ಆಗ ಗಮ್ ಹಾಕಿ ಅಂಟಿಸ್ಬೇಕಿತ್ತು, ಬಣ್ಣ ನಾವೇ ಬಳೀಬೇಕಿತ್ತು. ಆ ಕಿಟ್‌ಗಳಿಂದಾನೇ ಗಂಡಮ್ ಉಳ್ಕೊಂಡಿದ್ದು ಅಂದ್ರೆ ತಪ್ಪಿಲ್ಲ. ನಲವತ್ತು ವರ್ಷ ಆದ್ಮೇಲೆ ಅದೇ ರೋಬೋ, ಅದೇ ಸ್ಕೇಲು, ಆದ್ರೆ ಗಮ್ಮಿಲ್ಲ ಬಣ್ಣ ಇಲ್ಲ, ಬೆರಳಲ್ಲಿ ಒತ್ತಿದ್ರೆ ಮುಗೀತು.

ಡಬ್ಬಿಯಲ್ಲಿ ಬರೋದು ಬಂದೂಕು ಮತ್ತೆ ಗುರಾಣಿ. ಹೊಳೆಯೋ ಕತ್ತಿಯ ಅಲಗು ಇರಲ್ಲ, ಕತ್ತಿ ಬೀಸೋ ಭಂಗಿ ಬೇಕು ಅನ್ನೋರು ಇದರ ಮೇಲಿನ ಶ್ರೇಣಿ ಹೈ ಗ್ರೇಡ್ ನೋಡಿ. ಲೈಟ್ ಪ್ಯಾಕೇಜ್ ಅಂತ ಇನ್ನೂ ಕಡಿಮೆ ಬೆಲೆಯದೊಂದಿದೆ, ಅದರಲ್ಲಿ ಆಯುಧನೇ ಇಲ್ಲ, ಪೂರ್ತಿದನ್ನೇ ತಗೊಳ್ಳಿ, ಗುರಾಣಿ ಇಲ್ದೇ ಗಂಡಮ್ ಬಿಕೋ ಅನ್ನತ್ತೆ. ಪುಟ್ಟ ಮಕ್ಕಳ ಕೈಗೆ ಕೊಡೋದಾದ್ರೆ ಪಕ್ಕದಲ್ಲಿ ಕೂತ್ಕೊಳ್ಳಿ, ಹಣೆ ಮೇಲಿನ ವಿ ಆಕಾರದ ಆಂಟೆನಾ ಸಣ್ಣದು, ಬಿದ್ರೆ ಹುಡುಕೋದು ಕಷ್ಟ, ಜೋಡಿಸೋ ಕೊನೆಗೆ ಅದನ್ನ ಹಾಕಿಸಿ.

ಎರಡು ಗಂಡಮ್‌ನೂ ಇಟ್ಕೊಂಡಿದ್ದೀನಿ. ಚೆನ್ನಾಗಿ ಬಂದಿದ್ದು ಶೆಲ್ಫಲ್ಲಿ ಬಂದೂಕು ಹಿಡ್ಕೊಂಡು ನಿಂತಿದೆ. ಭುಜದಲ್ಲಿ ಹಳ್ಳ ಬಿದ್ದಿದ್ದು ಮೇಜಿನ ಮೇಲೆ ಇರತ್ತೆ, ಕೆಲ್ಸ ಮಾಡ್ತಾ ಮಧ್ಯೆ ಅದರ ಮಂಡಿ ಬಗ್ಗಿಸ್ತೀನಿ, ಒಂದು ಕಾಲ ಮೇಲೆ ನಿಲ್ಲಿಸೋಕೆ ನೋಡ್ತೀನಿ. ನಿನ್ನೆ ಪಾದ ಒಂಚೂರು ಒಳಗೆ ತಿರುಗಿಸಿ, ಗುರಾಣಿ ಇರೋ ಕೈನ ಪಕ್ಕಕ್ಕೆ ಚಾಚಿಸಿದ್ಮೇಲೆ ಎಡಗಾಲಲ್ಲಿ ನಿಂತ್ಕೊಂಡ್ತು, ನಾನು ಮೇಜಿಂದ ಕೈ ತೆಗೆಯೋ ತನಕ.